ಕಾಫಿ ಚುಕ್ಕಿಯ ಕಾಗದ

ಯಾದಿರಾ ಲಕೋಟೆ ಒಡೆದಳು. ಒಳಗಿದ್ದ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಬರೀ ಕಂದು ಚುಕ್ಕಿಗಳು. ಮಾರ್ಕಾಲಾ ಊರಿನ ಚರ್ಚಿನ ಅಂಗಳದಲ್ಲಿ ಯುವಜನರ ಶಿಬಿರದ ಎರಡನೆಯ ಮಧ್ಯಾಹ್ನ, ಮನೆಯಿಂದ ಬಂದ ಪತ್ರಗಳನ್ನು ಹಂಚುವ ಹೊತ್ತು. ಪೈನ್ ಮರಗಳ ಕೆಳಗೆ ಕೂತವರೆಲ್ಲ ಅಮ್ಮಂದಿರ ಸಾಲುಗಳನ್ನು ಓದಿ ಮೂಗು ಒರೆಸಿಕೊಳ್ಳುತ್ತಿದ್ದರು.

“ನಿಮ್ಮಜ್ಜಿ ಕಾಫಿ ಚೆಲ್ಲಿ ಕಳ್ಸಿದಾರೇನೇ?” ಗೆಳತಿ ನೋರ್ಲಿ ಲೋಟ ಹಿಡಿದೇ ಇಣುಕಿದಳು.

“ಅವಳಿಗೆ ಬರೆಯೋಕೆ ಬರಲ್ಲ, ನಂಗೆ ಪ್ರಾರ್ಥನೆ ಮಾಡೋಕೆ ಬರಲ್ಲ. ಸರಿಹೋಯ್ತು ಬಿಡೇ,” ಎಂದಳು ಯಾದಿರಾ. ಒಲ್ಲೆನೆಂದವಳನ್ನು ಇಲ್ಲಿಗೆ ದಬ್ಬಿದವಳೇ ಆ ಅಜ್ಜಿ.

ಹಾಳೆ ಮಡಚಹೊರಟ ಬೆರಳು ಚುಕ್ಕಿಗಳ ಮೇಲೆ ತಾನಾಗಿ ಜಾರಿತು. ಒಂದು ದೊಡ್ಡದು, ಹತ್ತು ಚಿಕ್ಕವು. ಮತ್ತೊಂದು ದೊಡ್ಡದು, ಮತ್ತೆ ಹತ್ತು. ಜಪಸರ! ಒಂದೊಂದು ಮಣಿಯ ಪ್ರಾರ್ಥನೆಗೂ ಅಜ್ಜಿ ಕಾಫಿ ಲೋಟಕ್ಕೆ ಬೆರಳದ್ದಿ ಒತ್ತಿದ್ದಳು. ಗಾಳಿ ನಿಂತಿತು. ಅಂಗಳವೆಲ್ಲ ನೀರಿನಡಿಯಲ್ಲಿದ್ದಂತೆ ಮಸುಕಾಗಿ ಅಲುಗಿತು. ಅಜ್ಜಿಯ ಗುನುಗು ಒಲೆಯ ಹೊಗೆಯ ಹಾಗೆ ಮರಗಳ ನಡುವೆ ಸುಳಿಯಿತು. ಕೊನೆಯ, ಐದನೆಯ ಸಾಲಿನಲ್ಲಿ ಮಾತ್ರ ಆರೇ ಚಿಕ್ಕ ಚುಕ್ಕಿ. ಆರನೆಯದು ಹಾಳೆಯ ಅಂಚಿನವರೆಗೂ ಎಳೆದುಕೊಂಡು ಹೋಗಿತ್ತು. ಜಪದ ನಡುವೆಯೇ ಅಜ್ಜಿಗೆ ಜೊಂಪು ಹತ್ತಿತ್ತು.

ಯಾದಿರಾ ಕೈಚಾಚಿ ನೋರ್ಲಿಯ ಲೋಟಕ್ಕೆ ಬೆರಳದ್ದಿದಳು.

“ಏಯ್, ನನ್ ಕಾಫಿ ಕಣೇ ಅದು!”

“ಶ್! ಅಜ್ಜಿ ಮಲಗಿದಾಳೆ,” ಎಂದು ಯಾದಿರಾ ಏಳನೆಯ ಚುಕ್ಕಿ ಇಟ್ಟು ಪಿಸುಗುಟ್ಟಿದಳು: “ನಮೋ ಮರಿಯಾ...”