ಬೋರಲಿಂಗಣ್ಣನ ಮೀಟರ್ ಕೂಗ್ತಾನೇ ಇತ್ತು

ಅರ್ಧಕ್ಕೇ ಬಿಟ್ರೆ ಬರೀ ನಗು ಸಿಗುತ್ತೆ... ಕೊನೇವರೆಗೂ ಓದಿ.

ಸಂತೆ ಬೀದಿ ಬೋರಲಿಂಗಣ್ಣ ಅಂದ್ರೆ ಸುತ್ತ ನಲವತ್ತು ಹಳ್ಳಿಗೂ ಆಂಪ್ಲಿಫೈಯರ್ ಡಾಕ್ಟರ್.

ಅವನು ಸ್ಕ್ರೂಡ್ರೈವರ್ ತೋರಿಸಿದ್ರೆ ಸಾಕು... ಸತ್ತ ಸೆಟ್ಟು ಎದ್ದು ಕೂತ್ಕೊಂಡು "ಒಂದು ಟೀ ಹೇಳಣ್ಣ" ಅಂತಿತ್ತಂತೆ.

ಆದ್ರೆ ಕಸ್ಟಮರ್‌ಗಳು ಅಂದ್ರೆ ಅವನಿಗೆ ಒಂಚೂರೂ ಮರ್ಯಾದೆ ಇರ್ಲಿಲ್ಲ.

ಇರೋದಾದ್ರೂ ಹೆಂಗೆ? ಒಬ್ಬ ಆಯುಧ ಪೂಜೆ ಅಂತ ಆಂಪ್ಲಿಫೈಯರ್‌ಗೆ ಸೋಪು ಹಚ್ಚಿ ತೊಳ್ದು, ಬಿಸಿಲಲ್ಲಿ ಒಣಗಿಸಿ ತಂದಿದ್ದ.

ಇನ್ನೊಬ್ಬ ವಾಲ್ಯೂಮ್ ತಿರುಗಲ್ಲ ಅಂತ ಅದರೊಳಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದ. ಬಿಚ್ಚಿದ್ರೆ ಒಳಗೆ ಇರುವೆ ಸಾಲು... ಅವು ತಾಳಕ್ಕೆ ತಕ್ಕಂಗೆ ನಡೀತಿದ್ವು ಅಂತ ಬೋರಲಿಂಗಣ್ಣ ಆಣೆ ಇಟ್ಟು ಹೇಳ್ತಿದ್ದ.

ಮತ್ತೊಬ್ಬ ಹದಿನೆಂಟು ಕಿಲೋಮೀಟರ್ ಬಸ್ಸಲ್ಲಿ ಹೊತ್ಕೊಂಡು ಬಂದ. ಸೆಟ್ಟಿಗೆ ಏನೂ ಆಗಿರ್ಲಿಲ್ಲ... ಅವನ ಮನೇಲಿ ಕರೆಂಟೇ ಇರ್ಲಿಲ್ಲ.

ಅದಕ್ಕೇ ಅಂಗಡಿ ಮುಂದೆ ಒಂದು ಬೋರ್ಡು: "ಸೆಟ್ ಕೊಡಿ. ಬುದ್ಧಿ ಹೇಳಬೇಡಿ."

ಒಂದಿನ ಸೋಬಾನೆ ಹೊಂಬಾಳಮ್ಮ ಬಂದ್ಲು. ನಲವತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡೋಳು. ಆ ಪದವೇ ಅವಳ ಅನ್ನ.

ಡಿಜೆ ಬಂದ ಮೇಲೆ ಬರಿ ಗಂಟಲನ್ನ ಯಾರೂ ಕೇಳಲ್ಲ ಅಂತ, ಕಿವಿ ಓಲೆ ಮಾರಿ ಒಂದು ಆಂಪ್ಲಿಫೈಯರ್ ತಗೊಂಡಿದ್ಲು.

"ಸಣ್ಣಗೆ ಕೀಂಯ್ ಅಂತೈತೆ ಕಣಪ್ಪ... ಕಿವಿ ಹತ್ರ ಸೊಳ್ಳೆ ಬಂದಂಗೆ. ಶುಕ್ರವಾರ ನನ್ನ ತಮ್ಮನ ಮಗಳ ಮದುವೆ."

ಬೋರಲಿಂಗಣ್ಣ ಆನ್ ಮಾಡಿ ಸ್ಪೀಕರ್‌ಗೆ ಕಿವಿ ಇಟ್ಟ. ಏನೂ ಇಲ್ಲ. ಕರೆಂಟ್ ಚೆಕ್ ಮಾಡೋ ಮೀಟರ್ ಹಚ್ಚಿ ನೋಡ್ದ. ಎಲ್ಲಾ ಸರಿ.

ಈಗ್ಲೂ ಅಂತೈತಲ್ಲಪ್ಪ ಅಂತ ಅವಳಂದ್ರೆ, ಸುಮ್ನೆ ಬೋರ್ಡ್ ಕಡೆ ಬೆರಳು ತೋರಿಸ್ದ.

ಆಮೇಲೆ ಎದುರಿನ ಟೀ ಅಂಗಡಿಯೋರಿಗೆಲ್ಲ ಕೇಳೋ ಹಂಗೆ ಅಂದ: "ಸೆಟ್ ಚೆನ್ನಾಗೈತೆ ಅಕ್ಕ. ಸೊಳ್ಳೆ ಇರೋದು ನಿಮ್ಮ ಕಿವಿಯೊಳಗೆ. ಕಿವಿ ಡಾಕ್ಟರ್ ಹತ್ರ ಹೋಗಿ."

ಟೀ ಅಂಗಡಿ ಪೂರ್ತಿ ನಕ್ಕಿತು. ಹೊಂಬಾಳಮ್ಮನೂ ನಗೋಕೆ ನೋಡಿದ್ಲು... ಆಗ್ಲಿಲ್ಲ.

ಶುಕ್ರವಾರ ಮದುವೇಲಿ ಎರಡನೇ ಪದಕ್ಕೇ ಕೀಂಯ್ ಜೋರಾಯ್ತು. ಮಕ್ಕಳು ಕಿವಿ ಮುಚ್ಕೊಂಡ್ವು.

ಗಂಡಿನ ಕಡೆಯೋರು ಯಾರೋ ವೈರ್ ಕಿತ್ತಾಕಿ ಡಿಜೆ ಹಚ್ಚಿದ್ರು. ಪದ ಅವಳ ಬಾಯಲ್ಲಿ ಅರ್ಧಕ್ಕೆ ನಿಂತೋಯ್ತು... ಸ್ವಂತ ತಮ್ಮನೂ ಅವಳ ಮುಖ ನೋಡ್ಲಿಲ್ಲ.

ಅಲ್ಲಿಂದ ಮುಂದಕ್ಕೆ ಅವಳನ್ನ ಯಾರೂ ಕರೀಲಿಲ್ಲ.

ಮೂರು ತಿಂಗಳು ಕಳೀತು. ಅದೇ ಆಂಪ್ಲಿಫೈಯರ್ ಕಂಕುಳಲ್ಲಿ ಇರುಕಿಕೊಂಡು ಮತ್ತೆ ಬಂದ್ಲು.

ಜಗಳಕ್ಕಲ್ಲ... ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಬಿಚ್ಚಿ ಬೇರೆಯೋರ ಸೆಟ್ಟಿಗಾದ್ರೂ ಹಾಕ್ಕೋ ಅಂತ ಮೇಜಿನ ಮೇಲಿಟ್ಲು.

ಹೊರಟೋಳು ಹಂಗೇ ನಿಂತ್ಲು.

"ಅದ್ಯಾಕಪ್ಪ ಆ ಮೀಟರ್ ಒಂದೇ ಸಮ ಕೂಗ್ತೈತೆ? ಆಫ್ ಮಾಡಬಾರದಾ?"

ಬೋರಲಿಂಗಣ್ಣನಿಗೆ ನಗು ಬಂತು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಗುಲಿದ್ರೆ ಪೀ ಅಂತ ಕೂಗಬೇಕು, ನಿಜ. ಆದ್ರೆ ಅವನ ಲೆಕ್ಕದಲ್ಲಿ ಅದು ಕೂಗೋದು ನಿಲ್ಲಿಸಿ ಬಹಳ ಕಾಲ ಆಗಿತ್ತು.

"ಇದರ ಬಾಯಿ ಬಿದ್ದು ಎರಡು ವರ್ಷ ಆಯ್ತು ಕಣಕ್ಕ."

"ಇಲ್ಲ ಕಣಪ್ಪ... ಕೂಗ್ತೈತೆ."

ಮೇಜು ನೋಡ್ದ. ಎರಡೂ ಕಡ್ಡಿ ಒಂದರ ಮೇಲೊಂದು ಬಿದ್ದಿದ್ವು.

ನಗು ಅಲ್ಲೇ ನಿಂತೋಯ್ತು.

ಅವಳನ್ನ ಗೋಡೆ ಕಡೆ ತಿರುಗಿ ನಿಲ್ಲೋಕೆ ಹೇಳ್ದ. ಕಡ್ಡಿ ಮುಟ್ಟಿಸ್ದ. ಕೂಗ್ತೈತೆ ಅಂದ್ಲು. ಬಿಡಿಸ್ದ. ನಿಲ್ತು ಅಂದ್ಲು.

ಹತ್ತು ಸಲ ಮಾಡ್ದ... ಹತ್ತು ಸಲವೂ ಅವಳು ಹೇಳಿದ್ದು ಸರಿ.

ಅವನಿಗೆ ಒಂದು ಸಲವೂ ಕೇಳಿಸ್ಲಿಲ್ಲ.

ಮೂವತ್ತು ವರ್ಷ ಸ್ಪೀಕರ್‌ಗೆ ಕಿವಿ ಕೊಟ್ಟು ಕೂತಿದ್ದಕ್ಕೆ, ಸಣ್ಣ ಸದ್ದೆಲ್ಲ ಹೇಳದೆ ಕೇಳದೆ ಅವನನ್ನ ಬಿಟ್ಟು ಹೋಗಿತ್ತು. ಮಾತು ಕೇಳಿಸ್ತಿತ್ತು, ಹಾಡು ಕೇಳಿಸ್ತಿತ್ತು... ಹಂಗಾಗಿ ಗೊತ್ತೇ ಆಗಿರ್ಲಿಲ್ಲ.

ಮೀಟರ್ ಆಫ್ ಮಾಡ್ದ. ಅವಳಂಗೇ ಕೀಂಯ್ ಅಂತೈತೆ ಅಂದಿದ್ದ ಸ್ಕೂಲ್ ಮೇಷ್ಟ್ರು, ಭಜನೆ ಮಂಡಳಿಯೋರು... ಒಬ್ಬೊಬ್ಬರ ಮುಖನೂ ಕಣ್ಣ ಮುಂದೆ ಬಂತು. ಎಲ್ಲರನ್ನೂ ಕಿವಿ ಡಾಕ್ಟರ್ ಹತ್ರ ಅಟ್ಟಿದ್ದ.

"ಅಕ್ಕ... ಸೊಳ್ಳೆ ನಿಮ್ಮ ಕಿವಿಯೊಳಗಿರ್ಲಿಲ್ಲ."



ಹೊಂಬಾಳಮ್ಮ ಬೈಬಹುದಿತ್ತು. ಬೈಲಿಲ್ಲ. ಎದುರಿಗೆ ಕೂತ್ಕೊಂಡು ಸೆರಗಲ್ಲಿ ಆಂಪ್ಲಿಫೈಯರ್ ಧೂಳು ಒರೆಸಿದ್ಲು.

"ಬಿಚ್ಚು. ನಾನು ಕೇಳಿ ಹೇಳ್ತೀನಿ."

ಒಂದೊಂದೇ ಕಂಡೆನ್ಸರ್ ಬದಲಾಯಿಸ್ತಾ ಹೋದ. ಇನ್ನೂ ಐತೆ... ಇನ್ನೂ ಐತೆ... ಆರನೇದು ಹಾಕಿದಾಗ ಅವಳು ಕಣ್ಣು ಮುಚ್ಚಿದ್ಲು.

"ಹೋಯ್ತು ಕಣಪ್ಪ."

ಅವನು ಮೈಕ್ ಕೈಗೆ ಕೊಟ್ಟ. ಅವತ್ತು ಅರ್ಧಕ್ಕೆ ನಿಂತಿದ್ದ ಪದಾನ, ನಿಂತ ಜಾಗದಿಂದಲೇ ಹಿಡಿದು ಮುಗಿಸಿದ್ಲು.

ಕೇಳೋಕೆ ಮದುಮಗಳಿರ್ಲಿಲ್ಲ... ಕಣ್ಣೊರೆಸ್ಕೊಂಡು ಕೂತಿದ್ದ ಒಬ್ಬ ಮೆಕ್ಯಾನಿಕ್ ಇದ್ದ.

ಆಂಪ್ಲಿಫೈಯರ್ ರಿಪೇರಿ ಆಯ್ತು. ಮುಗಿದೋದ ಮದುವೆ ರಿಪೇರಿ ಆಗುತ್ತಾ? ಹಾಡೋಕೆ ಬಾ ಅಂತ ಅವಳಿಗೆ ಕರೆ ಮತ್ತೆ ಬರ್ಲೇ ಇಲ್ಲ.

ಈಗ ಸಂತೆ ದಿನ ಬಂದು ಅವನ ಅಂಗಡೀಲಿ ಕೂರ್ತಾಳೆ. ಬಂದ ಸೆಟ್ಟಿಗೆಲ್ಲ ಅವಳೇ ಕಿವಿ.

ಬೋರಲಿಂಗಣ್ಣ ಆ ಹಳೇ ಬೋರ್ಡನ್ನ ತಿರುಗಿಸಿ, ಹಿಂದುಗಡೆ ಸೊಟ್ಟ ಸೊಟ್ಟಗೆ ಬರೆದಿದ್ದಾನೆ:

"ಏನು ಕೇಳಿಸುತ್ತೆ ಹೇಳಿ... ನನಗೆ ಕೇಳಿಸಲ್ಲ."

ಎದುರಿಗಿರೋರಿಗೆ ಏನೂ ಗೊತ್ತಿಲ್ಲ ಅನ್ನೋ ಮುಂಚೆ, ನಮ್ಮ ಕಿವಿ ನಾವು ಒಂದ್ಸಲ ಚೆಕ್ ಮಾಡ್ಕೋಬೇಕು. 🙏

ನಿಮ್ಮ ಮನೇಲೂ ಯಾರೋ ಎಷ್ಟೋ ದಿನದಿಂದ ಏನೋ ಹೇಳ್ತಾನೇ ಇರಬಹುದು... ನಿಮಗೆ ಕೇಳಿಸ್ತಾ ಇದೆಯಾ?