ಎಡದಿಂದ ಓದಿದ ಪುಸ್ತಕ

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಅಕ್ಕ ಒಳಗೆ ಬಂದಾಗ ತಂಗಿ ಹೊಲಿಗೆ ಯಂತ್ರದ ಮುಂದೆ ಕುಳಿತು ಪುಸ್ತಕ ನೋಡುತ್ತಿದ್ದಳು. ಸೂಜಿಯ ಕೆಳಗೆ ಯಾರದೋ ಕೋಟಿನ ತೋಳು ಅರ್ಧ ಹೊಲಿದು ನಿಂತಿತ್ತು. ತಂಗಿಯ ಮಗಳು ಚುಕ್ಕಿ ಗೆಳತಿಯರ ಜೊತೆ ಕೆರೆಗೆ ಈಜಲು ಹೋದವಳು ಹಿಂತಿರುಗಿರಲಿಲ್ಲ. ದೋಣಿ ತಂದು, ಬಲೆ ಹಾಕಿ, ತಳದ ಕೆಸರನ್ನೆಲ್ಲ ಜಾಲಾಡಿದರೂ ಅವಳ ಸುಳಿವೇ ಸಿಕ್ಕಿರಲಿಲ್ಲ. ಅಂದಿನಿಂದ ಹಾಸಿಗೆ ಹಿಡಿದಿದ್ದ ತಂಗಿ ಇವತ್ತು ತಲೆ ಬಾಚಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

"ಏನೇ ಅದು?"

"ಚುಕ್ಕಿ ತರಿಸಿದ್ದು. ಅವಳು ಹೋದ್ಮೇಲೆ ಕೊರಿಯರ್‌ನಲ್ಲಿ ಬಂತು. ಟೀವಿಲಿ ನೋಡ್ತಿದ್ಳಲ್ಲ ಜಪಾನಿ ಕಾರ್ಟೂನು, ಅದರದ್ದೇ ಪುಸ್ತಕ. ಕೊನೇ ಭಾಗವಂತೆ."

ಅಕ್ಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಪಾಠದ ನಡುವೆ ಮಕ್ಕಳ ಕೈಯಿಂದ ಇಂಥವನ್ನು ಕಿತ್ತುಕೊಂಡು ಕಿತ್ತುಕೊಂಡು ಅವಳ ಬೀರುವಿನ ಒಂದು ಅರೆಯೇ ತುಂಬಿಹೋಗಿತ್ತು. "ಮಾಂಗಾ ಅಂತಾರೆ ಅದಕ್ಕೆ. ಕತ್ತೆಯಷ್ಟು ವಯಸ್ಸಾದ್ರೂ ಕಾರ್ಟೂನು ಬೇಕಾ ಅಂತ ನೀನೇ ಬೈತಿದ್ದೆಯಲ್ಲೇ?"

"ಬೈತಿದ್ದೆ. ತಟ್ಟೆಯಷ್ಟಗಲ ಕಣ್ಣು, ನೀಲಿ ಕೂದಲು, ಡಿಶುಂ ಡಿಶುಂ, ಇಷ್ಟೇ ಇರುತ್ತೆ ಅಂದ್ಕೊಂಡಿದ್ದೆ. ಅಲ್ಲವೇ ಅಲ್ಲ ಅಕ್ಕಾ. ನಾವು ಅಂದ್ಕೊಂಡಿದ್ದು ಒಂದೂ ಇಲ್ಲ ಇದರಲ್ಲಿ. ಕೂತ್ಕೋ, ತೋರಿಸ್ತೀನಿ."

ಪುಟಕ್ಕೆ ಒಂದೇ ಚಿತ್ರ, ಬರೀ ಕಪ್ಪು ಬಿಳುಪು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಇದ್ದದ್ದೂ ಜಪಾನಿ ಅಕ್ಷರ. ತಂಗಿ ಎಡಗಡೆಯ ರಟ್ಟು ತೆರೆದು, ಮಗುವಿಗೆ ಕತೆ ಹೇಳುವವಳಂತೆ ಬೆರಳಿಟ್ಟು ತೋರಿಸತೊಡಗಿದಳು. ಮೊದಲ ಪುಟದಲ್ಲಿ ನೀರು, ಬರೀ ನೀರು. ಮುಂದಿನದರಲ್ಲಿ ನೀರಿನ ಮೇಲೊಂದು ಉಂಗುರ. ಆಮೇಲೆ ಒಂದು ನೆತ್ತಿ. ಹಣೆ. ಕತ್ತು. ಹುಡುಗಿ ದಡದಲ್ಲಿದ್ದಾಳೆ. ಹುಡುಗಿ ಖಾಲಿ ರಸ್ತೆಯಲ್ಲಿದ್ದಾಳೆ. ಹುಡುಗಿ ಒಂದು ಕಟ್ಟಡದ ಮೆಟ್ಟಿಲ ಮೇಲಿದ್ದಾಳೆ.

"ಮುಂದೆ?"

"ಮುಂದಿಂದು ನಾನೂ ನೋಡಿಲ್ಲ. ದಿನಕ್ಕೆ ಒಂದೇ ಪುಟ. ಅವಸರ ಮಾಡಿದ್ರೆ ಅವಳಿಗೆ ಕಷ್ಟ ಆಗುತ್ತೆ."

ಅಕ್ಕ ಪುಸ್ತಕವನ್ನು ಒಮ್ಮೆ ಹಿಂದೆ ಮುಂದೆ ಮಾಡಿ ನೋಡಿದಳು. "ಅಯ್ಯೋ ಪೆದ್ದೇ! ಇದನ್ನ ಬಲಗಡೆಯಿಂದ ಓದ್ಬೇಕು. ಜಪಾನಿ ಪುಸ್ತಕಗಳೆಲ್ಲ ಹಾಗೇ. ನೀನು ಕೊನೆಯಿಂದ ಶುರು ಮಾಡಿದ್ದೀಯ!" ಎಂದು ನಗುತ್ತ ಹೇಳಿಬಿಟ್ಟಳು. ಹೇಳಿದ ಮೇಲೆ ಅದರ ಅರ್ಥ ಅವಳಿಗೇ ಹೊಳೆಯಿತು: ಬಲದಿಂದ ಓದಿದರೆ ಹುಡುಗಿ ನೀರಿನಿಂದ ಬರುವುದಿಲ್ಲ, ನೀರಿಗೆ ಹೋಗುತ್ತಾಳೆ. ನಗು ಬಾಯಲ್ಲೇ ಉಳಿಯಿತು. ಆದರೆ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. ಎಷ್ಟು ದಿನ ಹೀಗೆ ಇಲ್ಲದ್ದಕ್ಕೆ ಜೋತುಬಿದ್ದಿರುತ್ತಾಳೆ, ಇವತ್ತೇ ಬಿಡಿಸಿಬಿಡುವುದು ಒಳ್ಳೆಯದು ಎಂದು ಗಟ್ಟಿ ಮನಸ್ಸು ಮಾಡಿದಳು.

"ಇಲ್ನೋಡು, ಈ ಹುಡುಗಿ ಕಾಲು ನೋಡು. ಬೆರಳು ಯಾವ ಕಡೆಗಿದೆ? ಕೆಳಕ್ಕೆ. ಅವಳು ಹತ್ತುತ್ತಿಲ್ಲ ಕಣೇ, ಇಳೀತಿದ್ದಾಳೆ."

"ನೋಡಿದೀನಿ," ತಂಗಿಯ ದನಿಯಲ್ಲಿ ಒಂದಿಷ್ಟೂ ಏರುಪೇರಾಗಲಿಲ್ಲ. "ಹಿಂದ್ಹಿಂದಕ್ಕೇ ಹತ್ತಿ ಬರ್ತಿದ್ದಾಳೆ. ಹೇಗಾದ್ರೂ ಬರ್ಲಿ. ಬಂದ್ರೆ ಸಾಕಲ್ವಾ?"

ಅಕ್ಕನ ಮೈ ಜುಮ್ಮೆಂದಿತು. ಆ ಭಯ ಸಿಟ್ಟಾಗಿ ತಿರುಗಿತು. "ಹುಚ್ಚು ಹಿಡಿಸ್ಕೋಬೇಡ. ಹೀಗೆ ಓದೋದು, ನೋಡು" ಎಂದವಳೇ ಪುಸ್ತಕ ಕಿತ್ತುಕೊಂಡು ಹಾಳೆಯನ್ನು ಎಡದಿಂದ ಬಲಕ್ಕೆ ಮಗುಚಿದಳು. ಮೆಟ್ಟಿಲು ಹೋಗಿ ಮತ್ತೆ ಖಾಲಿ ರಸ್ತೆ ಬಂತು.

"ತಿರುಗಿಸ್ಬೇಡ!" ತಂಗಿ ಚಿಟ್ಟನೆ ಚೀರಿದಳು. "ಬಾಗಿಲ ತನಕ ಬಂದಿದ್ಳು!"

ಹೊರಗೆ ಸದ್ದಾಯಿತು. ಬಾಗಿಲಿಗೆ ತೀರ ಹತ್ತಿರದಲ್ಲಿ. ಒದ್ದೆ ಅಂಗಾಲು ಕಲ್ಲಿನ ಮೇಲೆ ಊರಿ ಎದ್ದ ಹಾಗೆ, ಚಪ್, ಚಪ್. ಅದು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.

"ಪಕ್ಕದ ಮನೆಯವರಿರ್ಬೇಕು" ಎಂದಳು ಅಕ್ಕ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮಟಮಟ ಮಧ್ಯಾಹ್ನ, ಕಿಟಕಿಯಾಚೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಸದ್ದು ಎರಡನೆಯ ಮಹಡಿ ದಾಟಿತು. ಮೊದಲನೆಯದಕ್ಕೆ ಇಳಿಯಿತು. ಇನ್ನೇನು ಬೀದಿಗೆ ಇಳಿದುಬಿಡುತ್ತದೆ ಎನ್ನುವಾಗ ಅಕ್ಕ, ತಾನೇನು ಮಾಡುತ್ತಿದ್ದೇನೆಂದು ಯೋಚಿಸದೆ, ಹಾಳೆಯನ್ನು ಇದ್ದಲ್ಲಿಗೇ ತಂದಳು. ಮತ್ತೆ ಮೆಟ್ಟಿಲಿನ ಚಿತ್ರ.

ಸದ್ದು ನಿಂತಿತು.

ಇಬ್ಬರೂ ಕಿವಿಗೊಟ್ಟರು. ಕೆಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ತಂಗಿ ಅಳಲಿಲ್ಲ, ಬೈಯಲೂ ಇಲ್ಲ. ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡಳು. ಅಕ್ಕನ ಬೆರಳು ಹಿಡಿದು, ತಾನಿನ್ನೂ ನೋಡಿರದ ಮುಂದಿನ ಪುಟದ ತುದಿಯ ಮೇಲಿಟ್ಟಳು.

"ಮೆತ್ತಗೆ ತಿರುಗಿಸಕ್ಕಾ," ಎಂದಳು. "ಎಡವಿಗಿಡವಿ ಬಿದ್ದಾಳು."