ಒಂದು ಹಗ್ಗದ ಹೊರೆ

"ಮೂವತ್ತೆಂಟು ಕಿಲೋ!" ತೋಟದ ಲೆಕ್ಕ ಬರೆಯುವ ರೈಟರ್ ಸಾಂತಪ್ಪ ತಕ್ಕಡಿಯ ಮುಳ್ಳನ್ನು ಮತ್ತೆ ನೋಡಿದ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ನೋಡಿದ. "ಉಳಿದ ಹೆಂಗಸರ ಸೌದೆ ಹೊರೆ ಯಾವುದೂ ಇಪ್ಪತ್ತು ದಾಟಿಲ್ಲ. ಹಗ್ಗ ಎಲ್ಲರಿಗೂ ಒಂದೇ ಅಳತೆ. ಕೆಂಚಿ, ಒಳಗೆ ಬೀಟೆ ಮರ ಬಚ್ಚಿಟ್ಟಿದ್ದೀಯ. ಒಂದು ತುಂಡು ಸಿಕ್ಕಲಿ, ನಾಳೆಯೇ ಲೈನ್ ಮನೆ ಖಾಲಿ!"

ಗಾಳಿಬೀಡಿನ ಆ ತೋಟದಲ್ಲಿ ನಿಯಮ ಸರಳ. ಕಾಫಿ ಗಿಡ ಸವರುವಾಗ ಬಿದ್ದ ರೆಂಬೆಗಳನ್ನು ಶನಿವಾರ ಆಳುಗಳು ಒಲೆಗೆ ಒಯ್ಯಬಹುದು. ರೈಟರ್ ಕೊಟ್ಟ ಹಗ್ಗಕ್ಕೆ ಹಿಡಿದಷ್ಟು. ಹೊಸದೆಂದರೆ ಕಿಲೋ ತಕ್ಕಡಿ. ಕೊಡಗು ಮೈಸೂರಿಗೆ ಸೇರಿ ಎರಡು ಮೂರು ವರ್ಷವಾದ ಮೇಲೆ ಬಂದ ಆ ತಕ್ಕಡಿಯಲ್ಲಿ ಸಾಂತಪ್ಪ ಕಂಡದ್ದನ್ನೆಲ್ಲ ತೂಗುತ್ತಿದ್ದ. ಒಮ್ಮೆ ಹೆಂಡತಿಯನ್ನೂ ತೂಗಿ, ತೂಕವನ್ನು ಗಟ್ಟಿಯಾಗಿ ಓದಿ, ಎರಡು ದಿನ ಊಟ ಕಳೆದುಕೊಂಡಿದ್ದ.

ಕಟ್ಟೆಯ ಮೇಲೆ ಕೂತಿದ್ದ ಧರ್ಮಪಾಲನಿಗೆ ನಗು ಬಂತು. ಯಜಮಾನರ ಮಗ, ಮಡಿಕೇರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿ ಆಗಷ್ಟೇ ಸೇರಿದವನು. ಪ್ರಿನ್ಸಿಪಾಲರಿಂದ ಪೋಸ್ಟ್‌ಮನ್‌ವರೆಗೆ ಯಾರ ದನಿಯನ್ನು ಬೇಕಾದರೂ ಅಣಕಿಸಬಲ್ಲ. 'ಲೈನ್ ಮನೆ ಖಾಲಿ' ಎಂಬುದನ್ನು ಸಾಂತಪ್ಪನ ಮೂಗುದನಿಯಲ್ಲೇ ವಾಪಸು ಕೊಡಲು ಬಾಯಿ ತೆರೆದವನು ಕೆಂಚಿಯ ಮುಖ ನೋಡಿ ಮುಚ್ಚಿಕೊಂಡ. ಆಳುಗಳ ಸಾಲುಮನೆಯ ಆ ಒಂದು ಕೋಣೆ ಬಿಟ್ಟರೆ ಅವಳಿಗೆ ಬೇರೆ ಸೂರಿರಲಿಲ್ಲ.

"ಬಿಚ್ಚಿ ನೋಡಿ ರೈಟ್ರೇ," ಅಂದಳು ಕೆಂಚಿ. "ಬೀಟೆ ಸಿಕ್ರೆ ನಾಳೆ ಯಾಕೆ, ಈಗ್ಲೇ ಹೊಂಟೋಯ್ತೀನಿ. ಸಿಕ್ದೆ ಇದ್ರೆ ಹೊರೆ ತಲೆ ಮ್ಯಾಲೆ ಎತ್ತಿಕೊಡೋರು ನೀವೇ."

ಸಾಂತಪ್ಪ ಗಂಟು ಎಳೆದ. ಹಗ್ಗ ಕಳಚಿತು, ಹೊರೆ ಕಳಚಲಿಲ್ಲ. ಒಂದು ಕಡ್ಡಿಯೂ ಹೊರಳದೆ, ಕಟ್ಟಿದ್ದ ಹಾಗೆಯೇ ದುಂಡಗೆ ಕೂತಿತ್ತು. ಅವನು ಕೈಯಲ್ಲಿದ್ದ ಬೆತ್ತವನ್ನು ಬಿಸಾಕಿ, ಎರಡೂ ಕೈಯಲ್ಲಿ ಒಂದೊಂದೇ ರೆಂಬೆ ಕಿತ್ತು ಅದರ ಮೇಲೆ ಒಟ್ಟಿದ. ಕಾಫಿ, ಕಾಫಿ, ಬರೀ ಕಾಫಿ. ಗುಡ್ಡೆ ಅವನ ಸೊಂಟಕ್ಕೆ ಬಂತು.

ಧರ್ಮಪಾಲ ಕಟ್ಟೆಯಿಂದ ಇಳಿದ. "ಇಷ್ಟನ್ನೂ ಆ ಹಗ್ಗದೊಳಗೆ ಹೇಗೆ ತುಂಬಿದೆ ಕೆಂಚಿ?"

"ತುಂಬ್ಲಿಲ್ಲ ಬುದ್ಧಿ, ಕೂರಿಸ್ದೆ." ಅವಳೊಂದು ರೆಂಬೆ ಎತ್ತಿದಳು. "ಇದ್ರ ಕವಲೆಲ್ಲ ಒಂದೇ ಕಡೆ ಅವೆ. ಇಂಥವನ್ನ ಒಂದ್ರ ಬೆನ್ನಿಗೊಂದು ಇಟ್ರೆ ಬಾಚಣಿಗೆ ಒಳಗೆ ಬಾಚಣಿಗೆ ಹೊಕ್ಕಂಗೆ. ಇದು ನೋಡಿ, ಮನಸು ಬಂದ ಕಡೆಗೆಲ್ಲ ಕವಲು. ಮೊಣಕಾಲಲ್ಲಿ ಅದುಮಿದ್ರೂ ಕೂರಲ್ಲ, ಮಧ್ಯೆ ಬರೀ ಗಾಳಿ. ಅದು ಹೊರಗಡೀಕೆ."

"ಕವಲೇ ಇಲ್ಲದ್ದು?"

"ಅವು ಬಲು ಜಾಣ, ಎರಡು ಥರ ಕೂರ್ತವೆ. ಬುಡವೆಲ್ಲ ಒಂದೇ ಕಡೆಗೆ ಹಾಕಿದ್ರೆ ಪೊರಕೆ ಥರ ಅಗಲ. ಒಂದು ಬುಡ, ಒಂದು ತುದಿ ಹಾಕಿದ್ರೆ ಹಲಗೆ ಥರ ಸಮ. ಕಡ್ಡಿ ಅವೇ, ಕೂರೋದು ಬ್ಯಾರೆ."

ಧರ್ಮಪಾಲ ಆ ರೆಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಬುಧವಾರ ಅವನ ಮೊದಲ ಪಾಠ: ಪರಮಾಣುಗಳ ಉದ್ದುದ್ದ ಸರಪಳಿಗಳು. ಸರಪಳಿಯ ಕವಲುಗಳು ಒಂದೇ ಕಡೆಗಿದ್ದರೆ ಗಟ್ಟಿ ಹರಳು, ಎತ್ತೆತ್ತಲೋ ಇದ್ದರೆ ಅಂಟು ಮುದ್ದೆ. ಕೆಲವಕ್ಕಂತೂ ಒಂದೇ ಸರಪಳಿಗೆ ಎರಡು ಬಗೆಯ ಹರಳು. ಅಂಥದೇ ಒಂದು ಕರಿ ಪುಡಿಯಲ್ಲಿ ಅಷ್ಟಿಷ್ಟು ಕರೆಂಟೂ ಹರಿಯುತ್ತದಂತೆ! ಇದನ್ನೆಲ್ಲ ಬರೆದಿದ್ದ ವಿದೇಶದ ಪತ್ರಿಕೆಯನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗದೆ, ಪ್ರಿನ್ಸಿಪಾಲರ ದನಿ ತೆಗೆದು ಹುಡುಗರನ್ನು ನಗಿಸಿ ಗಂಟೆ ಕಳೆದುಬಿಡೋಣ ಎಂದುಕೊಂಡಿದ್ದ. ಈಗ ಆ ಪಾಠ ಸೀರೆ ಎತ್ತಿಕಟ್ಟಿ ಅವನೆದುರು ಕುಕ್ಕರಗಾಲಲ್ಲಿ ಕೂತಿತ್ತು.

ಅವನೂ ಹತ್ತು ಕಡ್ಡಿ ಆರಿಸಿದ. ಅವಳ ಹಾಗೆಯೇ ಮಣಿಕಟ್ಟು ತಿರುಗಿಸಿದ, ಅವಳ ಹಾಗೆಯೇ ತುಟಿ ಕಚ್ಚಿದ, ಬಳ್ಳಿ ಬಿಗಿದ. ಕಟ್ಟು ಮುಳ್ಳುಹಂದಿಯಂತೆ ಸೆಟೆದು ನಿಂತಿತು.

"ಅಣಕ ಚೆಂದಾಗೈತೆ ಬುದ್ಧಿ," ಕೆಂಚಿ ಮೊದಲ ಸಲ ನಕ್ಕಳು, "ಕಟ್ಟು ಚೆಂದಾಗಿಲ್ಲ."

ಮತ್ತೆ ಅವಳ ಕೈ ಆಡತೊಡಗಿತು. ಕಣ್ಣು ಎಲ್ಲೋ, ಕೈ ತಾನಾಗಿ ಗುಡ್ಡೆಯೊಳಗೆ: ನೆಟ್ಟಗಿದ್ದದ್ದು ನಡುವಿಗೆ, ಒಂದೇ ಕಡೆ ಕವಲಿದ್ದದ್ದು ಅದರ ಸುತ್ತ, ಸೊಟ್ಟಗಿದ್ದದ್ದು ಹೊರಗೆ. ಎಂಟು ನಿಮಿಷದಲ್ಲಿ ಗುಡ್ಡೆ ಮಾಯ. ಈ ಸಲ ಹಗ್ಗ ಒಂದು ಗೇಣು ಉಳಿಯಿತು.

"ಎತ್ತಿ ರೈಟ್ರೇ."

ಒಂದು ಕಡೆ ಸಾಂತಪ್ಪ, ಒಂದು ಕಡೆ ಧರ್ಮಪಾಲ, ಇಬ್ಬರೂ ತಿಣುಕಿ ಎತ್ತಿದರು. ಕೆಂಚಿ ಕೈ ಬಿಟ್ಟುಕೊಂಡೇ ಇಳಿಜಾರಿನ ಕಾಲುದಾರಿ ಹಿಡಿದಳು. ತಲೆಯ ಮೇಲೆ ಒಂದು ಕಡ್ಡಿಯೂ ಅಲುಗಲಿಲ್ಲ.

"ತೂಕದ ಹೆಂಗಸು ಮಾರಾಯ್ರೇ," ಸಾಂತಪ್ಪ ಸೋತ ದನಿಯಲ್ಲಿ ಅಂದ. "ನಾನು ಸುಮ್ಮನೆ ಬಾಯಿ ಬಿಟ್ಟೆ." ಬಗ್ಗಿ ನೆಲವನ್ನೆಲ್ಲ ನೋಡಿದ. ತಕ್ಕಡಿಯ ಹಿಂದೆ ನೋಡಿದ. "ಅಲ್ಲ, ನನ್ನ ಬೆತ್ತ ಎಲ್ಲಿ ಹೋಯಿತು?"

ಧರ್ಮಪಾಲ ದಾರಿಯ ತಿರುವಿನತ್ತ ನೋಡಿದ. ಇಳಿದು ಹೋಗುತ್ತಿದ್ದ ಹೊರೆಯ ನಟ್ಟನಡುವೆ, ಬೆತ್ತದ ಹಿತ್ತಾಳೆ ಟೊಪ್ಪಿ ಬಿಸಿಲಿಗೆ ಮಿನುಗುತ್ತಿತ್ತು.